ಹಸು ಕುಡಿಯದ ನೀರು: ಮದ್ದೂರು ತಾಲ್ಲೂಕಿನ ಒಂದು ಪಂಪ್‌ಸೆಟ್‌ನ ಪ್ರಕರಣ ಅಧ್ಯಯನ

ಈ ಊರು ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿದೆ. ಕನ್ನಂಬಾಡಿ ಕಟ್ಟೆ ತುಂಬಿದ ವರ್ಷದಲ್ಲೂ ನಾಲೆಯ ನೀರು ಇಲ್ಲಿಗೆ ತಲುಪುವ ಹೊತ್ತಿಗೆ ಸೊರಗಿರುತ್ತದೆ. ಹಾಗಾಗಿ ಕಬ್ಬಿಗೂ ತೆಂಗಿಗೂ ಕೊಳವೆಬಾವಿಯೇ ಗತಿ. ಪ್ರಕರಣ ನಡೆದ ಜಮೀನಿನಲ್ಲಿ 5 ಎಚ್‌ಪಿ ಸಬ್‌ಮರ್ಸಿಬಲ್ ಪಂಪ್ ಇದೆ. ಬಾವಿಯ ಬಾಯಿಂದ ಹೊರಟ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಮೊದಲು ಕೊಟ್ಟಿಗೆಯ ಪಕ್ಕದ ಸಿಮೆಂಟ್ ತೊಟ್ಟಿಗೆ ನೀರು ಸುರಿಯುತ್ತದೆ, ಅಲ್ಲಿಂದ ಮುಂದೆ ಗದ್ದೆಗೆ ಹೋಗುತ್ತದೆ.

ತೊಂದರೆ ಮೊದಲು ಗೊತ್ತಾದದ್ದು ಹಸುಗಳಿಗೆ. ಮಳೆ ಹಿಡಿದ ಮೇಲೆ ಎರಡೂ ಹಸುಗಳು ತೊಟ್ಟಿಯ ಬಳಿ ಹೋಗಿ, ಮೂತಿ ಇಟ್ಟ ಕೂಡಲೇ ತಲೆ ಕೊಡವಿ ಹಿಂದೆ ಸರಿಯುತ್ತಿದ್ದವು. ಬಕೆಟ್‌ನಲ್ಲಿ ಕೊಟ್ಟ ಅದೇ ನೀರನ್ನು ಕುಡಿಯುತ್ತಿದ್ದವು. ಪಾಚಿ ಕಟ್ಟಿದೆ ಎಂದುಕೊಂಡು ಮನೆಯವರು ತೊಟ್ಟಿಯನ್ನು ಉಜ್ಜಿ ತೊಳೆದರು. ಪಶುವೈದ್ಯರನ್ನೂ ಕರೆಸಿದರು, ಹಸುಗಳಿಗೆ ಏನೂ ಆಗಿರಲಿಲ್ಲ. ಕೆಲವು ದಿನಗಳ ನಂತರ ಮನೆಯ ಸೊಸೆ ಗೇಟ್ ವಾಲ್ವ್ ತಿರುಗಿಸಲು ಹೋದಾಗ ಮೊಳಕೈವರೆಗೂ ಜುಮ್ಮೆಂದಿತು. "ಮಾವ, ಪೈಪ್ ಮುಟ್ಟಿದರೆ ಕೈ ಜೋಮು ಹಿಡಿಯುತ್ತದೆ" ಎಂದು ಹೇಳಿದರು. ಊರಿನಲ್ಲಿ ವೈರಿಂಗ್ ಕೆಲಸ ಮಾಡುವವರು ಬಂದು ನೋಡಿ, ಮಳೆಗಾಲದಲ್ಲಿ ಸ್ವಲ್ಪ ಲೀಕೇಜ್ ಇದ್ದದ್ದೇ, ಚಪ್ಪಲಿ ಹಾಕಿಕೊಂಡು ಮುಟ್ಟಿ ಎಂದು ಹೇಳಿ ಹೋದರು.

ಈ ಕೊನೆಯ ಮಾತನ್ನು ಮಂಡ್ಯ ಜಿಲ್ಲೆಯ ಎಷ್ಟೋ ಜಮೀನುಗಳಲ್ಲಿ ಕೇಳಿದ್ದೇನೆ. ಅದು ಸಲಹೆಯಲ್ಲ, ಅಪಾಯವನ್ನು ಮುಂದೂಡುವ ಮಾತು. ಚಪ್ಪಲಿ ಒಂದು ದಿನ ಹರಿಯುತ್ತದೆ, ಒಂದು ದಿನ ನೆನೆಯುತ್ತದೆ, ಒಂದು ದಿನ ಮಗು ಬರಿಗಾಲಿನಲ್ಲಿ ಹೋಗಿ ಪೈಪ್ ಹಿಡಿಯುತ್ತದೆ.

ಹಸುಗಳ ನಡತೆಗೆ ಕಾರಣವಿದೆ. ಅವುಗಳ ಮೈ ವಿದ್ಯುತ್ತಿಗೆ ನಮ್ಮ ಮೈಗಿಂತ ಕಡಿಮೆ ತಡೆ ಒಡ್ಡುತ್ತದೆ. ಒದ್ದೆ ಮೂತಿ ನೀರಿನಲ್ಲಿ, ನಾಲ್ಕು ಗೊರಸು ಕೆಸರಿನಲ್ಲಿ. ನಮಗೆ ತಿಳಿಯದ ಕೆಲವೇ ವೋಲ್ಟ್ ಅವಕ್ಕೆ ತಿಳಿದುಬಿಡುತ್ತದೆ. ಪಂಪ್ ಓಡುವಾಗ ಮಾತ್ರ ಹಸು ತೊಟ್ಟಿಯಿಂದ ಹಿಂಜರಿದರೆ ನೀರನ್ನು ನೋಡುವ ಮೊದಲು ವೈರನ್ನು ನೋಡಬೇಕು.

ಎಲ್ಲಾ ಸರಿಯಿದ್ದರೆ ಶಾಕ್ ಎಲ್ಲಿಂದ?

ಮನೆಯ ಮಗ ನನಗೆ ಫೋನ್ ಮಾಡಿದಾಗ ಕೇಳಿದ ಪ್ರಶ್ನೆ ಇದು: "ಅಣ್ಣಾ, ಫ್ಯೂಸ್ ಹೋಗಿಲ್ಲ, ಸ್ಟಾರ್ಟರ್ ಟ್ರಿಪ್ ಆಗಿಲ್ಲ, ನೀರೂ ಚೆನ್ನಾಗಿ ಬರುತ್ತಿದೆ. ಮತ್ತೆ ಈ ಶಾಕ್ ಎಲ್ಲಿಂದ ಬರುತ್ತದೆ?" ಈ ಪ್ರಕರಣದ ತಿರುಳೆಲ್ಲ ಆ ಪ್ರಶ್ನೆಯಲ್ಲೇ ಇದೆ. ಫ್ಯೂಸ್, ಓವರ್‌ಲೋಡ್ ರಿಲೇ, ಮೂರರಲ್ಲಿ ಒಂದು ಫೇಸ್ ಹೋದರೆ ಮೋಟಾರ್ ನಿಲ್ಲಿಸುವ ಸಾಧನ ಇವೆಲ್ಲ ಮೋಟಾರನ್ನೂ ವೈರನ್ನೂ ಸುಡದಂತೆ ಕಾಯುತ್ತವೆ. ಮನುಷ್ಯನನ್ನು ಕಾಯುವುದು ಅವುಗಳ ಕೆಲಸವಲ್ಲ. 5 ಎಚ್‌ಪಿ ಮೋಟಾರ್ 8–9 ಆಂಪಿಯರ್ ಎಳೆಯುತ್ತದೆ; ಮನುಷ್ಯನ ಎದೆಯ ಮೂಲಕ 30 ಮಿಲಿ ಆಂಪಿಯರ್‌ಗಿಂತ ಹೆಚ್ಚು ಹರಿದರೆ ಜೀವಕ್ಕೆ ಅಪಾಯ. ಅಂದರೆ ಮೋಟಾರ್ ಎಳೆಯುವುದರ ಮುನ್ನೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪವೇ ಹೆಚ್ಚು. ಫ್ಯೂಸ್‌ಗೆ ಅಷ್ಟು ಸಣ್ಣ ವ್ಯತ್ಯಾಸ ಕಾಣುವುದೇ ಇಲ್ಲ.

ಸ್ಥಳಕ್ಕೆ ಹೋದಾಗ ತ್ರೀ ಫೇಸ್ ಇತ್ತು. ಪಂಪ್ ನಿಂತಿದ್ದಾಗ ಪೈಪ್‌ಗೂ, ಹತ್ತು ಮೀಟರ್ ದೂರದ ಹಸಿ ಮಣ್ಣಿನಲ್ಲಿ ಊರಿದ ಕಬ್ಬಿಣದ ಸಲಾಕೆಗೂ ನಡುವೆ ಮೀಟರ್ ಹಿಡಿದೆ. ಸೊನ್ನೆ. ಸ್ಟಾರ್ಟರ್ ಒತ್ತಿದ ಕೂಡಲೇ 90 ವೋಲ್ಟ್ ತೋರಿಸಿತು. ಸ್ಟಾರ್ಟರ್ ನಿಂತಿದ್ದಾಗ ಮೂರೂ ಫೇಸ್ ಕಡಿದಿರುತ್ತವೆ. ಆದ್ದರಿಂದ ದೋಷ ಸ್ಟಾರ್ಟರ್‌ನ ಆಚೆಗೇ, ಪಂಪ್‌ನ ಕಡೆಗೇ ಇದೆ ಎಂಬುದು ಅಲ್ಲಿಗೆ ಖಚಿತವಾಯಿತು.

ಮುಂದಿನ ಪರೀಕ್ಷೆ ತೀರಾ ಸರಳ. ಟಾಂಗ್ ಟೆಸ್ಟರ್ ಎಂದರೆ ವೈರನ್ನು ಇಕ್ಕಳದಂತೆ ಸುತ್ತುವರಿದು ಕರೆಂಟ್ ಅಳೆಯುವ ಮೀಟರ್. ಅದರ ದವಡೆಯೊಳಗೆ ಒಂದು ಫೇಸ್ ವೈರ್ ಮಾತ್ರ ಹಾಕಿದರೆ ಮೋಟಾರ್ ಎಳೆಯುವ ಕರೆಂಟ್ ತಿಳಿಯುತ್ತದೆ. ಮೂರನ್ನೂ ಒಟ್ಟಿಗೆ ಹಾಕಿದರೆ ಸೊನ್ನೆ ಬರಬೇಕು. ಹೋದದ್ದೆಲ್ಲ ಆ ಮೂರು ವೈರ್‌ಗಳಲ್ಲೇ ಹಿಂದಿರುಗುವುದರಿಂದ ಒಂದರದ್ದು ಇನ್ನೊಂದನ್ನು ಅಳಿಸುತ್ತದೆ. ಇಲ್ಲಿ ಸೊನ್ನೆ ಬರಲಿಲ್ಲ, 1.5 ಆಂಪಿಯರ್ ಬಂತು. ಅಷ್ಟು ಕರೆಂಟ್ ವೈರ್ ಬಿಟ್ಟು ಮಣ್ಣಿನ ದಾರಿ ಹಿಡಿದಿತ್ತು. 90 ವೋಲ್ಟನ್ನು 1.5 ಆಂಪಿಯರ್‌ನಿಂದ ಭಾಗಿಸಿದರೆ 60 ಓಮ್. ಪೈಪ್‌ಗೂ ಭೂಮಿಗೂ ಇದ್ದ ಸಂಪರ್ಕ ಅಷ್ಟು ದುರ್ಬಲ. ಒದ್ದೆ ಕೈ, ಬರಿಗಾಲು ಇದ್ದಾಗ ಮೈಯ ತಡೆ ಸುಮಾರು 1000 ಓಮ್‌ಗೆ ಇಳಿಯಬಹುದು. ಆ ಸ್ಥಿತಿಯಲ್ಲಿ ಯಾರಾದರೂ ವಾಲ್ವ್ ಹಿಡಿದಿದ್ದರೆ ಮೈಯೊಳಗೆ 90 ಮಿಲಿ ಆಂಪಿಯರ್ ಹರಿಯುತ್ತಿತ್ತು. ಹಿಡಿದ ಕೈ ಬಿಡಿಸಿಕೊಳ್ಳಲಾಗದಂತೆ ಸ್ನಾಯು ಬಿಗಿಯಲು ಅದರ ಸಣ್ಣ ಪಾಲು ಸಾಕು. ಆ ಹೆಣ್ಣುಮಗಳನ್ನು ಅಂದು ಉಳಿಸಿದ್ದು ಕಾಲಿನಲ್ಲಿದ್ದ ಒಣ ರಬ್ಬರ್ ಚಪ್ಪಲಿ.

ಸೋರುತ್ತಿದ್ದ ಕರೆಂಟ್ ಬಿಲ್ಲಿನಲ್ಲಾದರೂ ಕಾಣಬೇಕಿತ್ತಲ್ಲವೇ? ರಾಜ್ಯದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ. ರೈತನ ಕೈಗೆ ಬಿಲ್ ಬರುವುದಿಲ್ಲ, ಆದ್ದರಿಂದ ಆ ಸುಳಿವೂ ಸಿಗುವುದಿಲ್ಲ.

ಗಾಯ ಎಲ್ಲಿತ್ತು

ಮೇನ್ ಸ್ವಿಚ್ ಆಫ್ ಮಾಡಿ, ಮೂರೂ ಫ್ಯೂಸ್ ಕ್ಯಾರಿಯರ್ ಕಿತ್ತು ಜೇಬಿಗೆ ಹಾಕಿಕೊಂಡೆ. ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ ಆ ಶೆಡ್‌ನಲ್ಲಿ ಆಟೋ ಸ್ಟಾರ್ಟರ್ ಇತ್ತು. ತ್ರೀ ಫೇಸ್ ದಿನಕ್ಕೆ ಕೆಲವೇ ಗಂಟೆ ಬರುತ್ತದೆ, ಅದೂ ಹೊತ್ತಲ್ಲದ ಹೊತ್ತಿನಲ್ಲಿ. ನಡುರಾತ್ರಿ ಎದ್ದು ಹಾವು ಹುಳುವಿನ ನಡುವೆ ಗದ್ದೆಗೆ ಹೋಗುವುದನ್ನು ತಪ್ಪಿಸಲು ರೈತರು ಆಟೋ ಹಾಕಿಸುತ್ತಾರೆ. ಅದು ಅರ್ಥವಾಗುವ ಕಷ್ಟವೇ. ಆದರೆ ಆಟೋ ಇರುವ ಕಡೆ "ಈಗ ಕರೆಂಟ್ ಇಲ್ಲ" ಎಂಬ ಧೈರ್ಯದಿಂದ ವೈರ್‌ಗೆ ಕೈ ಹಾಕಿದರೆ, ಸರಬರಾಜು ಬಂದ ಕ್ಷಣವೇ ಪಂಪ್ ತಾನಾಗಿ ಶುರುವಾಗುತ್ತದೆ. ಮೊಬೈಲ್‌ನಿಂದ ನಡೆಸುವ ಸ್ಟಾರ್ಟರ್‌ಗೂ ಇದೇ ಮಾತು: ಮನೆಯಲ್ಲಿ ಕುಳಿತ ಅಣ್ಣನಿಗೆ ಗದ್ದೆಯಲ್ಲಿ ತಮ್ಮ ಪೈಪ್ ಹಿಡಿದಿರುವುದು ಕಾಣುವುದಿಲ್ಲ. ಫ್ಯೂಸ್ ಕ್ಯಾರಿಯರ್ ಕೆಲಸ ಮಾಡುವವನ ಜೇಬಿನಲ್ಲೇ ಇರಬೇಕು.

ಸ್ಟಾರ್ಟರ್‌ನಿಂದ ಮೋಟಾರ್ ಕೇಬಲ್ ಬಿಚ್ಚಿ 500 ವೋಲ್ಟ್ ಮೆಗ್ಗರ್ (ವೈರ್ ಹೊದಿಕೆಯ ತಡೆ ಅಳೆಯುವ ಮೀಟರ್) ಹಾಕಿದೆ. ಕೆಂಪು, ಹಳದಿ, ನೀಲಿ ಮೂರರಲ್ಲಿ ಯಾವುದನ್ನು ಹಿಡಿದರೂ ಪೈಪ್‌ಗೆ ತಡೆ ಸೊನ್ನೆ, ಅಂದರೆ ಎಲ್ಲೋ ವೈರ್ ಪೈಪ್‌ಗೆ ತಾಗಿದೆ. ಮೋಟಾರಿನೊಳಗೆ ಮೂರೂ ಒಂದಕ್ಕೊಂದು ಸೇರಿರುವುದರಿಂದ ಒಂದು ಕೆಟ್ಟರೆ ಮೂರೂ ಕೆಟ್ಟಂತೆಯೇ ತೋರುತ್ತವೆ. ಮೋಟಾರ್ ಹೋಗಿದೆ, ಪಂಪ್ ಎತ್ತಬೇಕು ಎಂದು ಅಲ್ಲಿಗೇ ತೀರ್ಮಾನಿಸಬಹುದಿತ್ತು. ಎತ್ತುವವರ ತಂಡ, ಕೂಲಿ, ಎರಡು ದಿನ ನೀರಿಲ್ಲದ ಕಬ್ಬು, ಇವೆಲ್ಲ ಮನೆಯವರ ಕಣ್ಣ ಮುಂದೆ ಬಂದವು. ಅದಕ್ಕೂ ಮೊದಲು ಬಾವಿಯ ಬಾಯಿ ನೋಡೋಣ ಎಂದೆ.

ಕೇಬಲ್ ಒಳಗಿಳಿಯುವ ಜಾಗದಲ್ಲಿ ಪೈಪನ್ನು ಹಿಡಿದ ಕಬ್ಬಿಣದ ಕ್ಲ್ಯಾಂಪ್ ಇತ್ತು. ಅದರ ಅಂಚನ್ನು ಕತ್ತರಿಸಿದ ಮೇಲೆ ಉಜ್ಜಿ ನಯ ಮಾಡಿರಲಿಲ್ಲ. ಚಪ್ಪಟೆ ಕೇಬಲ್ ಆ ಅಂಚಿನ ಕೆಳಗೆ ಸಿಕ್ಕಿಕೊಂಡಿತ್ತು. ಪಂಪ್ ಶುರುವಾದಾಗ ಮೋಟಾರ್ ತಿರುಚುವ ಬಲಕ್ಕೆ ಪೈಪ್ ತುಸು ಅಲುಗುತ್ತದೆ, ಪ್ರತಿ ಸಲವೂ ಅಂಚು ಕೇಬಲನ್ನು ಸ್ವಲ್ಪ ಸ್ವಲ್ಪವೇ ಕೊಯ್ಯುತ್ತದೆ. ಹೊರಗಿನ ಕಪ್ಪು ಹೊದಿಕೆ ಸೀಳಿ, ನೀಲಿ ವೈರ್‌ನ ಮೇಲೆ ಅಕ್ಕಿಕಾಳಿನಷ್ಟು ಜಾಗದಲ್ಲಿ ತಾಮ್ರ ಇಣುಕುತ್ತಿತ್ತು. ಸುತ್ತ ಹಸಿರುಗಟ್ಟಿದ ಕಿಲುಬು. ಬೇಸಿಗೆಯಲ್ಲಿ ಒಣಗಿದ ಧೂಳು ಅದನ್ನು ಕ್ಲ್ಯಾಂಪ್‌ನಿಂದ ಹೇಗೋ ದೂರವಿಟ್ಟಿತ್ತು. ಮಳೆಯ ಕೆಸರು ಎರಡನ್ನೂ ಸೇರಿಸಿತು.

ಕೊಯ್ದ ಜಾಗದಲ್ಲಿ ಕೇಬಲ್ ಕತ್ತರಿಸಿ, ಬಾವಿಯೊಳಗಿನ ಭಾಗಕ್ಕೆ ಮಾತ್ರ ಮತ್ತೆ ಮೆಗ್ಗರ್ ಹಿಡಿದಾಗ 20 ಮೆಗಾ ಓಮ್ ಬಂತು. ಇಳಿಬಿಟ್ಟ ಮೋಟಾರ್ ಮತ್ತು ಕೇಬಲ್‌ಗೆ 1 ಮೆಗಾ ಓಮ್‌ಗಿಂತ ಕಡಿಮೆಯಾದರೆ ಚಿಂತಿಸಬೇಕು. 20 ಆರೋಗ್ಯದ ಲಕ್ಷಣ. ಪಂಪ್ ಎತ್ತುವ ಅಗತ್ಯವೇ ಇರಲಿಲ್ಲ.

ಪೈಪ್ ಬದಲಾದಾಗ ಕಳೆದುಹೋದದ್ದು

ಆದರೂ ಒಂದು ಪ್ರಶ್ನೆ ಉಳಿಯಿತು. ಆ ಕ್ಲ್ಯಾಂಪ್ ಹಳೆಯದು. ಕೇಬಲ್ ಮೊದಲೂ ಅದರ ಕೆಳಗೇ ಹಾದುಹೋಗುತ್ತಿತ್ತು. ಹಿಂದಿನ ಮಳೆಗಾಲಗಳಲ್ಲಿ ಯಾರಿಗೂ ಏನೂ ಆಗದೆ ಇದ್ದದ್ದು ಹೇಗೆ? ಮನೆಯ ಹಿರಿಯರನ್ನು ಕೇಳಿದೆ. "ಬೇಸಿಗೆಯಲ್ಲಿ ಪೈಪ್ ಬದಲಿಸಿದೆವಪ್ಪ, ಜಿಐ ತುಕ್ಕು ಹಿಡಿದು ತೂತಾಗಿತ್ತು. ಈಗ ಕಪ್ಪು ಪೈಪ್ ಹಾಕಿಸಿದ್ದೇವೆ" ಎಂದರು.

ಉತ್ತರ ಅಲ್ಲೇ ಇತ್ತು. ಮೊದಲು ಬಾವಿಯೊಳಗೆ ಮೋಟಾರಿನವರೆಗೂ ಜಿಐ ಪೈಪ್ ಇಳಿದಿತ್ತು. ನೂರಾರು ಅಡಿ ಕಬ್ಬಿಣ, ಅದರ ತುದಿ ಸದಾ ನೀರಿನಲ್ಲಿ. ಯಾರೂ ಹಾಗೆಂದು ಹಾಕದಿದ್ದರೂ ಅದು ಒಳ್ಳೆಯ ಅರ್ಥಿಂಗ್ ಆಗಿ ಕೆಲಸ ಮಾಡುತ್ತಿತ್ತು. ಅಲ್ಪಸ್ವಲ್ಪ ಸೋರಿದ ಕರೆಂಟ್ ಆ ದಾರಿಯಲ್ಲಿ ಭೂಮಿ ಸೇರುತ್ತಿತ್ತು, ಮೇಲಿನ ಪೈಪ್‌ನಲ್ಲಿ ವೋಲ್ಟೇಜ್ ಏರುತ್ತಿರಲಿಲ್ಲ. ಈಗ ಹಾಕಿಸಿದ ಕಪ್ಪು ಪ್ಲಾಸ್ಟಿಕ್ ಪೈಪ್, ಅಂದರೆ ಎಚ್‌ಡಿಪಿಇ, ಹಗುರ, ತುಕ್ಕು ಹಿಡಿಯುವುದಿಲ್ಲ, ಎತ್ತಿ ಇಳಿಸುವುದು ಸುಲಭ. ಅದನ್ನು ಹಾಕಿಸಿದ್ದು ತಪ್ಪಲ್ಲ. ಆದರೆ ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಈ ಬಾವಿಯ ಕೇಸಿಂಗ್ ಕೂಡ ಪಿವಿಸಿ. ಹೀಗೆ ಮೇಲೆ ಉಳಿದ ಕ್ಲ್ಯಾಂಪ್, ಬೆಂಡ್, ವಾಲ್ವ್, ಜಿಐ ಪೈಪ್ ಎಲ್ಲವೂ ಭೂಮಿಯಿಂದ ಬಹುಮಟ್ಟಿಗೆ ಬೇರೆಯಾದವು. ಪೈಪ್ ಬದಲಿಸಿದವರು ಪೈಪ್‌ನ ಕೆಲಸವನ್ನು ಅಚ್ಚುಕಟ್ಟಾಗಿಯೇ ಮಾಡಿದ್ದರು. ಹಳೆಯ ಪೈಪ್ ಮಾಡುತ್ತಿದ್ದ ಎರಡನೆಯ ಕೆಲಸವನ್ನು ಯಾರೂ ಗಮನಿಸಿರಲಿಲ್ಲ.

ಶೆಡ್‌ನಲ್ಲಿ ಅರ್ಥಿಂಗ್ ಎಂದು ಇದ್ದದ್ದು ಗೋಡೆಯ ಪಕ್ಕ ಎರಡು ಅಡಿ ಹೊಡೆದ ಸಲಾಕೆ, ಅದಕ್ಕೆ ಸುತ್ತಿದ ಜಿಐ ತಂತಿ. ಮಣ್ಣು ಸರಿಸಿ ನೋಡಿದರೆ ತಂತಿ ತುಕ್ಕು ತಿಂದು ತುಂಡಾಗಿತ್ತು. ತುಂಡಾಗದಿದ್ದರೂ ಅದು ಸ್ಟಾರ್ಟರ್ ಪೆಟ್ಟಿಗೆಗೆ ಮಾತ್ರ ಸೇರಿತ್ತು, ಪೈಪ್‌ಗಲ್ಲ. ಇನ್ನೊಂದು ವಿಷಯವನ್ನೂ ಕಂಡೆ: ಓವರ್‌ಲೋಡ್ ರಿಲೇಯ ಮುಳ್ಳನ್ನು ಯಾರೋ ಕೊನೆಯ ಅಂಕಿಗೆ ತಿರುಗಿಸಿಟ್ಟಿದ್ದರು, ಫ್ಯೂಸ್‌ಗಳಲ್ಲಿ ಫ್ಯೂಸ್ ತಂತಿಯ ಬದಲು ದಪ್ಪ ತಾಮ್ರವಿತ್ತು. ಮೋಟಾರನ್ನು ಕಾಯಬೇಕಾದವೂ ಕಾಯುತ್ತಿರಲಿಲ್ಲ.

ಅರ್ಥಿಂಗ್ ಒಂದೇ ಸಾಕೇ?

ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ಬಹಳ ಜನ ಎಲೆಕ್ಟ್ರಿಷಿಯನ್‌ಗಳೂ ಇಲ್ಲಿ ಎಡವುತ್ತಾರೆ. "ಒಳ್ಳೆಯ ಅರ್ಥಿಂಗ್ ಹಾಕಿದರೆ ಫ್ಯೂಸ್ ಹಾರುತ್ತದೆ, ಚಿಂತೆಯಿಲ್ಲ" ಎನ್ನುತ್ತಾರೆ. ಲೆಕ್ಕ ಹಾಕಿ ನೋಡೋಣ. ನಾವು ಮುಂದೆ ಹೊಸದಾಗಿ ಹಾಕಿದ ಅರ್ಥಿಂಗ್ 18 ಓಮ್ ಬಂತು. ಸೋರಿದ ಕರೆಂಟ್ ಮಣ್ಣಿನ ಮೂಲಕ ಟ್ರಾನ್ಸ್‌ಫಾರ್ಮರ್‌ಗೇ ಹಿಂದಿರುಗುತ್ತದೆ; ಅಲ್ಲಿನ ನ್ಯೂಟ್ರಲ್ ಅರ್ಥಿಂಗ್ 4 ಓಮ್ ಎಂದಿಟ್ಟುಕೊಳ್ಳೋಣ. ಒಂದು ಫೇಸ್ ನೇರವಾಗಿ ಪೈಪ್‌ಗೆ ತಾಗಿದರೆ 230 ವೋಲ್ಟ್ ಒಟ್ಟು 22 ಓಮ್ ದಾಟಬೇಕು. ಕರೆಂಟ್ ಸುಮಾರು 10.5 ಆಂಪಿಯರ್. 15 ಆಂಪಿಯರ್ ಫ್ಯೂಸ್‌ಗೆ ಇದರ ಪರಿವೆಯೇ ಇಲ್ಲ. ಮೋಟಾರ್ ಕರೆಂಟ್ ಜೊತೆ ಸೇರಿದರೂ ಕೂಡಲೇ ಹಾರುವುದಿಲ್ಲ. ಸರಿಯಾಗಿ ಹೊಂದಿಸಿದ ಓವರ್‌ಲೋಡ್ ರಿಲೇ ಬಿಸಿಯಾಗಿ ಟ್ರಿಪ್ ಆಗಬಹುದು, ಅದಕ್ಕೆ ಹಿಡಿಯುವ ಹೊತ್ತು ಹೃದಯ ನಿಲ್ಲಲು ಬೇಕಾದುದಕ್ಕಿಂತ ಬಹಳ ಹೆಚ್ಚು. ಅಷ್ಟರಲ್ಲಿ ಪೈಪ್ ಮೇಲೆ ಇರುವ ವೋಲ್ಟೇಜ್ 18ನ್ನು 10.5ರಿಂದ ಗುಣಿಸಿದಷ್ಟು, ಅಂದರೆ 189. ಅರ್ಥಿಂಗ್ ಇದೆ, ಪೈಪ್‌ನಲ್ಲಿ 189 ವೋಲ್ಟ್ ಕೂಡ ಇದೆ.

ಆದ್ದರಿಂದ ನಮ್ಮ ಹಳ್ಳಿಗಳ ಪಂಪ್‌ಗಳಿಗೆ ಅರ್ಥಿಂಗ್ ಜೊತೆ ಆರ್‌ಸಿಸಿಬಿ (ಸೋರಿಕೆ ಕಂಡರೆ ತಾನೇ ಸರಬರಾಜು ಕಡಿಯುವ ಸ್ವಿಚ್) ಬೇಕೇ ಬೇಕು. ಅಂಗಡಿಗಳಲ್ಲಿ ಇನ್ನೂ ಇಎಲ್‌ಸಿಬಿ ಎಂದೇ ಕೇಳುತ್ತಾರೆ, ಕೊಡುತ್ತಾರೆ. ನಾನು ಟಾಂಗ್ ಟೆಸ್ಟರ್‌ನಲ್ಲಿ ಮೂರು ವೈರ್ ಹಿಡಿದು ಮಾಡಿದ ಪರೀಕ್ಷೆಯನ್ನೇ ಅದು ಹಗಲೂ ರಾತ್ರಿ ಮಾಡುತ್ತಿರುತ್ತದೆ. ಹೋದದ್ದಕ್ಕೂ ಬಂದದ್ದಕ್ಕೂ 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಸರಬರಾಜು ಕಡಿಯುತ್ತದೆ.

ಹಾಗಾದರೆ ಅರ್ಥಿಂಗ್ ಯಾಕೆ ಎಂದು ಮನೆಯ ಮಗ ಕೇಳಿದ. ಒಳ್ಳೆಯ ಪ್ರಶ್ನೆ. ಅರ್ಥಿಂಗ್ ಇಲ್ಲದೆ ಆರ್‌ಸಿಸಿಬಿ ಮಾತ್ರ ಇದ್ದರೆ, ಸೋರಿದ ಕರೆಂಟ್‌ಗೆ ದಾರಿ ಇರುವುದಿಲ್ಲ. ಯಾರಾದರೂ ಮುಟ್ಟಿದಾಗಲೇ ಅವರ ಮೈಯೇ ದಾರಿಯಾಗಿ ಅದು ಟ್ರಿಪ್ ಆಗುತ್ತದೆ. ಅರ್ಥಿಂಗ್ ಇದ್ದರೆ ಪಂಪ್ ಶುರುವಾದ ಗಳಿಗೆಯಲ್ಲೇ, ಯಾರೂ ಮುಟ್ಟುವ ಮೊದಲೇ ಟ್ರಿಪ್ ಆಗುತ್ತದೆ.

ಮಾಡಿದ ಕೆಲಸ

ಬಾವಿಯ ಪಕ್ಕ 40 ಮಿಲಿಮೀಟರ್ ವ್ಯಾಸದ, ಎರಡೂವರೆ ಮೀಟರ್ ಉದ್ದದ ಜಿಐ ಪೈಪ್ ಇಳಿಸಿ, ಸುತ್ತ ಇದ್ದಿಲು ಮತ್ತು ಉಪ್ಪಿನ ಪದರ ಹಾಕಿ ಅರ್ಥ್ ಗುಂಡಿ ಮಾಡಿದೆವು. ಇದು ಭಾರತೀಯ ಮಾನಕ ಐಎಸ್ 3043ರಲ್ಲಿ ಹೇಳಿದ ಕ್ರಮ. ತ್ರೀ ಫೇಸ್ ಮೋಟಾರ್‌ಗೆ ಎರಡು ಪ್ರತ್ಯೇಕ ಅರ್ಥಿಂಗ್ ಸಂಪರ್ಕ ಇರಬೇಕೆಂಬುದು ಸುರಕ್ಷತಾ ನಿಯಮ. ಆದ್ದರಿಂದ ಶೆಡ್‌ನ ಇನ್ನೊಂದು ಬದಿಯಲ್ಲಿ ಎರಡನೆಯದನ್ನೂ ಇಳಿಸಿ, ಸ್ಟಾರ್ಟರ್ ಪೆಟ್ಟಿಗೆ, ಮೇನ್ ಸ್ವಿಚ್, ಕ್ಲ್ಯಾಂಪ್, ಡೆಲಿವರಿ ಪೈಪ್ ಎಲ್ಲವನ್ನೂ ಎರಡಕ್ಕೂ ಸೇರಿಸಿದೆವು. ತಂತಿಯನ್ನು ಸುತ್ತಿ ಬಿಡಲಿಲ್ಲ, ಬೋಲ್ಟ್ ಹಾಕಿ ಬಿಗಿದೆವು. ಬೇಸಿಗೆಯಲ್ಲಿ ಗುಂಡಿ ಒಣಗಿದರೆ ಓಮ್ ಏರುತ್ತದೆ. ತೊಟ್ಟಿಯಿಂದ ಚೆಲ್ಲುವ ನೀರು ಅದರ ಬಾಯಿಗೆ ಹೋಗುವಂತೆ ಸಣ್ಣ ಕಾಲುವೆ ಮಾಡಿದವರು ಮನೆಯ ಹಿರಿಯರೇ.

ಕೇಬಲ್ ಸೇರಿಸುವಾಗ ಮೂರು ವೈರ್‌ಗಳ ಜಾಯಿಂಟ್ ಒಂದೇ ಜಾಗದಲ್ಲಿ ಬರದಂತೆ ಹಿಂದೆ ಮುಂದೆ ಕತ್ತರಿಸಿ, ಒಂದೊಂದಕ್ಕೂ ಬೇರೆ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಬಿಗಿದುಕೊಳ್ಳುವ) ತೋಳು ಹಾಕಿ, ಮೇಲೆ ಮತ್ತೊಂದು ಹೊದಿಸಿದೆವು. ಜಾಯಿಂಟ್ ನೀರಿನ ಮಟ್ಟಕ್ಕಿಂತ ಬಹಳ ಮೇಲಿದ್ದರೂ ನೀರೊಳಗೆ ಇರುವಂತೆಯೇ ಮಾಡಬೇಕು. ಕ್ಲ್ಯಾಂಪ್‌ನ ಅಂಚು ಉಜ್ಜಿ, ಕೇಬಲ್ ಹಾಯುವ ಜಾಗಕ್ಕೆ ರಬ್ಬರ್ ಬುಷ್ ಕೂರಿಸಿದೆವು. ಬಣ್ಣಕ್ಕೆ ಬಣ್ಣ ಸೇರಿಸಿದ್ದರಿಂದ ಪಂಪ್ ಸರಿಯಾದ ದಿಕ್ಕಿಗೇ ತಿರುಗಿತು. ಇಂಥ ಕೆಲಸದ ನಂತರ ನೀರು ಕಡಿಮೆ ಬಂದರೆ ತಿರುಗು ದಿಕ್ಕು ಉಲ್ಟಾ ಆಗಿರಬಹುದು. ಯಾವುದಾದರೂ ಎರಡು ಫೇಸ್ ಅದಲುಬದಲು ಮಾಡಿದರೆ ಸರಿಹೋಗುತ್ತದೆ.

ಫ್ಯೂಸ್‌ಗಳಿಗೆ ಸರಿಯಾದ ತಂತಿ ಬಂತು. ರಿಲೇಯನ್ನು ಮೋಟಾರಿನ ಹೆಸರುಫಲಕದಲ್ಲಿ ಬರೆದ ಆಂಪಿಯರ್‌ಗೆ ತಂದೆವು. ನಾಲ್ಕು ಪೋಲ್‌ನ 30 ಮಿಲಿ ಆಂಪಿಯರ್ ಆರ್‌ಸಿಸಿಬಿಯನ್ನು ಸ್ಟಾರ್ಟರ್‌ಗಿಂತ ಮೊದಲು ಹಾಕಿದೆವು. ಇದರಲ್ಲಿ ಒಂದು ಸೂಕ್ಷ್ಮವಿದೆ. ಮೋಟಾರ್‌ಗೆ ನ್ಯೂಟ್ರಲ್ ಬೇಡ, ಆದರೆ ಹಲವು ಆರ್‌ಸಿಸಿಬಿಗಳ ಟೆಸ್ಟ್ ಗುಂಡಿ ನ್ಯೂಟ್ರಲ್ ಇಲ್ಲದೆ ಕೆಲಸ ಮಾಡುವುದಿಲ್ಲ. ಸರ್ವಿಸ್ ವೈರ್‌ನ ನ್ಯೂಟ್ರಲನ್ನು ಅದರ ಮೇಲ್ಭಾಗಕ್ಕೆ ಸೇರಿಸಲೇಬೇಕು. ಇಲ್ಲದಿದ್ದರೆ ಗುಂಡಿ ಒತ್ತಿದಾಗ ಏನೂ ಆಗದೆ, ಸಾಧನವೇ ಕೆಟ್ಟಿದೆ ಎಂದು ಕಿತ್ತೆಸೆಯುವವರಿದ್ದಾರೆ. ಪದೇ ಪದೇ ಟ್ರಿಪ್ ಆಗುತ್ತದೆಂದು ಅದನ್ನು ಬಿಟ್ಟು ವೈರನ್ನು ನೇರವಾಗಿ ಸೇರಿಸಿಸುವವರೂ ಇದ್ದಾರೆ. ಟ್ರಿಪ್ ಆಗುತ್ತಿದ್ದರೆ ಸೋರಿಕೆ ಇದೆ ಎಂದೇ ಮೊದಲು ಹುಡುಕಬೇಕು.

ನಡೆಸುವ ಕ್ರಮ

ಮನೆಯವರಿಗೆ ಹೇಳಿದ್ದು ಹೆಚ್ಚೇನಿಲ್ಲ. ಸ್ಟಾರ್ಟರ್ ಮುಂದೆ ಒಣ ಹಲಗೆಯ ಮೇಲೆ ನಿಲ್ಲಬೇಕು. ಒದ್ದೆ ಕೈಯಲ್ಲಿ ಮುಟ್ಟಬಾರದು. ಮೊದಲು ವೋಲ್ಟ್ ಮೀಟರ್ ನೋಡಬೇಕು. 415ರ ಆಸುಪಾಸಿನಲ್ಲಿರಬೇಕಾದದ್ದು 350ಕ್ಕಿಂತ ಕೆಳಗಿದ್ದರೆ ಪಂಪ್ ಹಾಕಬಾರದು, ಮೋಟಾರ್ ಹೆಚ್ಚು ಕರೆಂಟ್ ಎಳೆದು ಬಿಸಿಯೇರುತ್ತದೆ. ತಿಂಗಳಿಗೊಮ್ಮೆ ಟೆಸ್ಟ್ ಗುಂಡಿ ಒತ್ತಬೇಕು. ಟ್ರಾನ್ಸ್‌ಫಾರ್ಮರ್‌ನ ಫ್ಯೂಸ್ ಹೋದರೆ ಯಾರೂ ಕೈ ಹಾಕದೆ ವಿದ್ಯುತ್ ಸರಬರಾಜು ನಿಗಮ ಸೆಸ್ಕ್‌ನ ಸಹಾಯವಾಣಿ 1912ಕ್ಕೆ ಕರೆ ಮಾಡಬೇಕು. ಹೊಲದ ಹುಡುಗರು ಕೋಲಿನಿಂದ ಫ್ಯೂಸ್ ಹಾಕಲು ಹೋಗಿ ಸುಟ್ಟುಕೊಳ್ಳುವುದು ನಿಲ್ಲಬೇಕು.

ಯಾರಿಗಾದರೂ ಶಾಕ್ ಹೊಡೆದು ಕೈ ಅಂಟಿಕೊಂಡರೆ ಅವರನ್ನು ಹಿಡಿದು ಎಳೆಯಬಾರದು. ಒಬ್ಬರನ್ನು ಬಿಡಿಸಲು ಹೋಗಿ ಇಬ್ಬರು ಮೂವರು ಹೋಗುವುದು ಹೀಗೆಯೇ. ಮೊದಲು ಮೇನ್ ಸ್ವಿಚ್ ಆಫ್ ಮಾಡಬೇಕು. ಅದು ದೂರವಿದ್ದರೆ ಒಣ ಮರದ ದೊಣ್ಣೆಯಿಂದ ಕೈ ಬಿಡಿಸಬೇಕು. ಉಸಿರಿಲ್ಲದಿದ್ದರೆ 108ಕ್ಕೆ ಕರೆ ಮಾಡಿ, ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರ್ ಆಳಕ್ಕೆ ಒತ್ತುತ್ತಲೇ ಇರಬೇಕು. ಇದನ್ನು ಮನೆಯ ಸೊಸೆ ದಿಂಬಿನ ಮೇಲೆ ಒತ್ತಿ ಕಲಿತರು, ನಂತರ ಮಾವನಿಗೂ ಅವರೇ ಕಲಿಸಿದರು.

ಕೆಲಸ ಮುಗಿದ ಮೇಲೆ ಪಂಪ್ ಹಾಕಿ ಅಳೆದಾಗ ಪೈಪ್‌ನಲ್ಲಿ ವೋಲ್ಟೇಜ್ ಸೊನ್ನೆ, ಮೂರು ವೈರ್ ಒಟ್ಟಿಗೆ ಹಿಡಿದ ಟಾಂಗ್ ಟೆಸ್ಟರ್‌ನಲ್ಲೂ ಸೊನ್ನೆ. ಹಸುಗಳು ಮಾತ್ರ ಕೆಲವು ದಿನ ತೊಟ್ಟಿಯ ಹತ್ತಿರ ಬರಲೇ ಇಲ್ಲ. ಹಳೆಯ ಭಯ ಬಿಡಲು ಅವಕ್ಕೆ ಸಮಯ ಬೇಕಾಯಿತು.

ಅದೇ ಟ್ರಾನ್ಸ್‌ಫಾರ್ಮರ್‌ಗೆ ಸೇರಿದ ಅಕ್ಕಪಕ್ಕದ ಜಮೀನಿನವರಲ್ಲೂ ಜಿಐ ತೆಗೆದು ಕಪ್ಪು ಪೈಪ್ ಹಾಕಿಸಿದವರಿದ್ದಾರೆ. ಅವರ ಶೆಡ್‌ಗಳಲ್ಲೂ ಮೂರು ವೈರ್ ಒಟ್ಟಿಗೆ ಹಿಡಿದು ಅಳೆಯುವ ಕೆಲಸ ಶುರುವಾಗಿದೆ. ನಿಮ್ಮ ಬಾವಿಯ ಪೈಪ್ ಬದಲಾಗಿದ್ದರೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದ ಈ ಒಂದು ಅಳತೆಯನ್ನಾದರೂ ಮುಂದಿನ ಮಳೆಗೆ ಮೊದಲು ಮಾಡಿಸಿ, ಮೇಲಿನ ಕಬ್ಬಿಣದ ಪೈಪನ್ನು ಅರ್ಥಿಂಗ್‌ಗೆ ಸೇರಿಸಿ.